ಮುದ್ದೆಯ ಹಿಂದೆ ಬಂದವರು

ಎಫೀಮನ ಅಡ್ಡದಾರಿ ಮತ್ತೆ ಅದೇ ದ್ರಾಕ್ಷಿತೋಟದ ಮುರುಕು ಬೇಲಿಗೆ ಬಂದು ನಿಂತಾಗ ಅಕ್ಸಿನಿಯಾ ಕೈಗಾಡಿಯ ಹಿಡಿ ಬಿಟ್ಟು ಕೆಸರಿನಲ್ಲೇ ಕುಕ್ಕರಿಸಿದಳು.

"ಎಫೀಮಣ್ಣ, ಜೀವಮಾನವೆಲ್ಲ ಟ್ಯಾಕ್ಸಿ ಓಡಿಸಿದೆ ಅಂತೀಯಲ್ಲ, ನಿನ್ನ ಗಾಡಿ ಹತ್ತಿದೋರು ಯಾರಾದ್ರೂ ಮನೆ ಸೇರಿದ್ದುಂಟಾ?"

"ರಸ್ತೆ ಇದ್ದಾಗ ಸೇರಿಸ್ತಿದ್ದೆ. ಈಗ ರಸ್ತೆ ಎಲ್ಲಿದೆ, ನೀನೇ ತೋರಿಸು" ಎಂದ ಎಫೀಮ, ತನ್ನದೇನೂ ತಪ್ಪಿಲ್ಲದವನಂತೆ.

ರಸ್ತೆ ಇತ್ತು. ಆದರೆ ಅದರ ಮೇಲೆ ಬಂದೂಕಿನವರಿದ್ದರು. ಹಾಗಾಗಿಯೇ ಈ ಗದ್ದೆ, ಈ ಕೆಸರು, ಈ ಎಫೀಮ.

ಗಾಡಿಯಲ್ಲಿ ಅವಳ ಅತ್ತೆ ಜಿನೋವಿಯಾ, ಸುತ್ತಿಟ್ಟ ಜಮಖಾನದ ಮೇಲೆ ಮಹಾರಾಣಿಯ ಹಾಗೆ ಕೂತಿದ್ದಳು. ಅದು ಮುದುಕಿ ತನ್ನ ಮದುವೆಯಲ್ಲಿ ತಂದ ಜಮಖಾನ. ಕಪ್ಪು ನೆಲದ ಮೇಲೆ ಕೆಂಪು ಗುಲಾಬಿ, ಒಂದು ಕರುವಿನಷ್ಟು ಭಾರ. ಹೊರಡುವ ದಿನ ಅಕ್ಸಿನಿಯಾ ಅದನ್ನು ಎಷ್ಟು ಸಲ ಕೆಳಗಿಳಿಸಿದಳೋ ಅಷ್ಟು ಸಲ ಮುದುಕಿಯೂ ಅದರ ಜೊತೆ ಇಳಿದಳು. ಕೊನೆಗೆ ಒಂದು ಚೀಲ ಆಲೂಗಡ್ಡೆ ಮನೆಯಲ್ಲಿ ಉಳಿಯಿತು, ಜಮಖಾನ ಹೊರಟಿತು.

"ಮನೇಲೇ ಇರೋಣ ಅಂತ ಬಡ್ಕೊಂಡೆ" ಎಂದಳು ಮುದುಕಿ. "ಲಿಯೊಂತೆ ಬಂದು ಬಾಗಿಲು ತಟ್ಟಿದ್ರೆ ಯಾರು ತೆಗೀತಾರೆ?"

ಲಿಯೊಂತೆ ಅಕ್ಸಿನಿಯಾಳ ಗಂಡ, ಮುದುಕಿಯ ಒಬ್ಬನೇ ಮಗ. ಇಟಲಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಮೊದಲು ಕರೆಂಟು ಹೋಯಿತು, ಫೋನು ಸತ್ತಿತು. ಆಮೇಲೆ ಊರಿಗೆಲ್ಲ ಜ್ವರ ಬಂತು. ಜ್ವರ ಇಳಿಯುವ ಹೊತ್ತಿಗೆ ಸರ್ಕಾರ, ಪೊಲೀಸು, ಬ್ರೆಡ್ಡಿನ ಅಂಗಡಿ ಯಾವುದೂ ಉಳಿದಿರಲಿಲ್ಲ. ಅದಾದ ಮೇಲೆ ಎರಡು ಚಳಿಗಾಲ ಕಳೆದಿದ್ದವು. ಅಕ್ಸಿನಿಯಾ ಗಂಡನಿಗಾಗಿ ಅತ್ತು ಮುಗಿಸಿದ್ದಳು. ಮುದುಕಿ ಇನ್ನೂ ಶುರುವೇ ಮಾಡಿರಲಿಲ್ಲ.

ಕಿಶಿನೌ ನಗರದ ಅವರ ಕಟ್ಟಡದಲ್ಲಿ ಕೊನೆಗೆ ಉಳಿದವರು ಈ ಮೂವರೇ. ಬಂದೂಕಿನವರು ಕೆಳಮಹಡಿಯ ಬಾಗಿಲುಗಳನ್ನು ಒಡೆಯತೊಡಗಿದಾಗ ಅಕ್ಸಿನಿಯಾ ಗಾಡಿ ಕಟ್ಟಿದಳು. ಉತ್ತರಕ್ಕಿರುವ ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿ, ವೈನ್ ಕಂಪನಿಯೊಂದರ ನೆಲಮಾಳಿಗೆಯಲ್ಲಿ, ಜನ ಸೇರಿಕೊಂಡಿದ್ದಾರೆಂದು ಸುದ್ದಿಯಿತ್ತು. ಮೈಲಿಗಟ್ಟಲೆ ಸುರಂಗ, ಕಬ್ಬಿಣದ ಗೇಟು, ಹೊರಗೆ ಎಷ್ಟೇ ಹಿಮ ಬಿದ್ದರೂ ಒಳಗೆ ನೀರು ಹೆಪ್ಪುಗಟ್ಟುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ: ಒಂದು ಗೇಟು, ಅದರ ಹಿಂದೆ ಬುದ್ಧಿ ನೆಟ್ಟಗಿರುವ ನಾಲ್ಕು ಜನ.

ಗೇಟು ಸಿಕ್ಕಿತು.

ಅದರ ಮುಂದೆ ಪಾನ್‌ಫಿಲ್ ಎಂಬ ದಪ್ಪ ಮೀಸೆಯವನು ಬೇಟೆ ಕೋವಿ ಹಿಡಿದು ತೂಗಾಡುತ್ತಿದ್ದ. ಮಟಮಟ ಮಧ್ಯಾಹ್ನವೇ ಬಾಯಿಂದ ವೈನಿನ ವಾಸನೆ ಹೊಡೆಯುತ್ತಿತ್ತು.

"ಏನು ಕೆಲಸ ಬರುತ್ತೆ ನಿಮಗೆ? ಕೆಲಸ ಬರೋರಿಗೆ ಮಾತ್ರ ಒಳಗೆ ಜಾಗ. ಸಮಿತಿ ತೀರ್ಮಾನ."

"ಟ್ರಾಲಿಬಸ್ಸು ಓಡಿಸ್ತಿದ್ದೆ" ಎಂದಳು ಅಕ್ಸಿನಿಯಾ.

"ಟ್ಯಾಕ್ಸಿ" ಎಂದ ಎಫೀಮ.

ಪಾನ್‌ಫಿಲ್ ತಲೆಯಾಡಿಸಿದ. "ಒಂದಕ್ಕೆ ಕರೆಂಟಿಲ್ಲ, ಇನ್ನೊಂದಕ್ಕೆ ಪೆಟ್ರೋಲಿಲ್ಲ. ಅಜ್ಜಿ, ನಿಂದೇನು?"

ಜಿನೋವಿಯಾ ಗಾಡಿಯಿಂದ ನಿಧಾನವಾಗಿ ಇಳಿದಳು. "ಈ ಚಳೀಲಿ ತಲೆಗೊಂದು ಟೋಪಿ ಇಲ್ದೆ ನಿಂತಿದೀಯಲ್ಲೋ! ನಿಮ್ಮಮ್ಮ ನಿನ್ನ ಹಿಂಗೇ ಬೆಳೆಸಿದ್ದಾ? ಸರಿ ಆ ಕಡೆ. ಕೋವಿ ಕೆಳಗಿಡು, ಜಮಖಾನದ ಆ ತುದಿ ಹಿಡಿ."

ಪಾನ್‌ಫಿಲ್ ಕೋವಿ ಕೆಳಗಿಟ್ಟು ಜಮಖಾನದ ತುದಿ ಹಿಡಿದ. ಅವರು ಒಳಗೆ ಹೋದದ್ದು ಹೀಗೆ.

ಬುದ್ಧಿ ನೆಟ್ಟಗಿರುವ ನಾಲ್ಕು ಜನರನ್ನು ಅಕ್ಸಿನಿಯಾ ಒಂದು ವಾರ ಹುಡುಕಿದಳು. ಸುರಂಗಗಳಿಗೆ ಬೀದಿಗಳೆಂದು ಕರೆದು ವೈನುಗಳ ಹೆಸರಿಟ್ಟಿದ್ದರು. ಕ್ಯಾಬರ್ನೆ ಬೀದಿಯವರಿಗೂ ರೀಸ್ಲಿಂಗ್ ಬೀದಿಯವರಿಗೂ ಮಾತಿಲ್ಲ. ಯಾರೋ ಯಾರದೋ ಹಂದಿ ಕೊಬ್ಬಿನ ಡಬ್ಬಿ ಕದ್ದರೆಂದು ನಡುವೆ ಹಗ್ಗ ಕಟ್ಟಿದ್ದರು. ಕುಡಿಯುವ ನೀರನ್ನು ಹೊರಗಿನ ಬುಗ್ಗೆಯಿಂದ ಹೊತ್ತು ತರಬೇಕು. ಸರದಿ ಬಂದವನಿಗೆ ಅಂದೇ ಸೊಂಟ ಹಿಡಿದುಕೊಳ್ಳುತ್ತಿತ್ತು. ನೀರಿಲ್ಲದಿದ್ದರೇನು, ಕೈಚಾಚಿದಲ್ಲೆಲ್ಲ ವೈನಿನ ಪೀಪಾಯಿಗಳಿದ್ದವು. ಹಾಗಾಗಿ ಬೆಳಿಗ್ಗೆ ಜಗಳ, ಮಧ್ಯಾಹ್ನ ಹಾಡು, ಸಂಜೆ ಅಳು. ಎಲ್ಲದಕ್ಕೂ ಒಂದು ಸಭೆ. ಸಭೆಯ ಅಧ್ಯಕ್ಷ ಸಾವ, ಹಿಂದೆ ಇಲ್ಲೇ ಪ್ರವಾಸಿಗರಿಗೆ ವೈನಿನ ರುಚಿ ತೋರಿಸುತ್ತಿದ್ದವನು, ಈಗಲೂ ಕಂಪನಿಯ ಕೋಟು ಕಳಚಿರಲಿಲ್ಲ.

"ನೀರಿನ ವಿಷಯ ಮುಂದಿನ ಸಭೇಲಿ ತಗೋಳೋಣ" ಎಂದ ಸಾವ.

"ಹೋದ ಸಭೇಲೂ ಇದನ್ನೇ ಅಂದ್ರಿ."

"ಆಗ ಕೋರಂ ಇರ್ಲಿಲ್ಲಮ್ಮ."

ಅಕ್ಸಿನಿಯಾ ಬಕೆಟ್ಟು ಎತ್ತಿಕೊಂಡು ತಾನೇ ಹೋದಳು. ಮರುದಿನವೂ ಹೋದಳು. ಮೂರನೆಯ ದಿನ ಯಾರೋ, "ಅಕ್ಸಿನಿಯಾ, ಇವತ್ತು ನೀರು ತಡವಾಯ್ತಲ್ಲ" ಎಂದು ಕೇಳಿದಾಗ ಬಕೆಟ್ಟನ್ನು ಅವನ ತಲೆಯ ಮೇಲೇ ಬೋರಲು ಹಾಕುವ ಮನಸ್ಸಾಯಿತು. ನೀರು ಹೊತ್ತ ಕಷ್ಟ ನೆನಪಾಗಿ ಸುಮ್ಮನಾದಳು.

"ಅತ್ತೆ, ಹೊರಡೋಣ. ಇವರ ಜೊತೆ ಇದ್ರೆ ನನಗೆ ಹುಚ್ಚು ಹಿಡಿಯುತ್ತೆ" ಎಂದಳು.

"ಎಲ್ಲಿಗೆ?" ಜಿನೋವಿಯಾ ನಾಲ್ಕು ಮುದುಕಿಯರ ನಡುವೆ ಕೂತು ಒಣ ಪ್ಲಮ್ಮು ಬಿಡಿಸುತ್ತಿದ್ದಳು. ಜಮಖಾನ ಅವರ ಮೂಲೆಗೆ ಪರದೆಯಾಗಿ ನೇತಾಡುತ್ತಿತ್ತು. "ನಾನು ಬರಲ್ಲ. ಮನೇಲಿ ಮಾತಾಡಕ್ಕೆ ನೀನೊಬ್ಬಳು. ನೀನೋ, ಯಾವಾಗ್ಲೂ ಮುಖ ಗಂಟು. ಇಲ್ಲಿ ಎಷ್ಟು ಚೆನ್ನಾಗಿದೆ! ಮಗ್ಗುಲಲ್ಲೇ ಇರೋ ಇಬ್ಬರು ಮಾತು ಬಿಟ್ಟಿದಾರೆ, ಯಾಕೆ ಅಂತ ಪೂರ್ತಿ ಇನ್ನೂ ಗೊತ್ತಾಗಿಲ್ಲ."

ದಾರಿಯುದ್ದಕ್ಕೂ ಮನೆ ಮನೆ ಎಂದು ಗೋಳಾಡಿದವಳು ಇವಳೇ. ಅಕ್ಸಿನಿಯಾಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಆಮೇಲೆ ಹಿಮ ಬಿತ್ತು. ಅಡುಗೆ ಯಾವಾಗಲೂ ಗೇಟಿನ ಹೊರಗಿನ ಅಂಗಳದಲ್ಲಿ ನಡೆಯುತ್ತಿತ್ತು. ಆ ಗಾಳಿಯಲ್ಲಿ ಹೊರಗೆ ನಿಲ್ಲಲು ಯಾರೂ ಒಪ್ಪಲಿಲ್ಲ. ಈ ಒಂದು ವಿಷಯಕ್ಕೆ ಮಾತ್ರ ಎರಡೂ ಬೀದಿಗಳು ಒಂದಾದವು. ಗೇಟು ಮುಚ್ಚಿ, ಸಂದುಗಳಿಗೆ ಗೋಣಿ ತುರುಕಿ, ಸುರಂಗಗಳು ಕೂಡುವ ಜಾಗದಲ್ಲಿ ಹಳೆಯ ಪೀಪಾಯಿಯ ಹಲಗೆಗಳಿಂದ ಬೆಂಕಿ ಮಾಡಿದರು. ಮೇಲೆ ಗಾಳಿಕಿಂಡಿ ಇದೆಯಲ್ಲ ಎಂದ ಸಾವ. ಆ ಕಿಂಡಿಯ ಬಾಯನ್ನು ಹಿಮ ಮುಚ್ಚಿತ್ತು. ನೋಡಲು ಯಾರೂ ಹೋಗಿರಲಿಲ್ಲ.

ಎರಡನೆಯ ದಿನ ಎಲ್ಲರಿಗೂ ತಲೆನೋವು. ವೈನು ಜಾಸ್ತಿಯಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಅದಕ್ಕೆ ಔಷಧಿಯೆಂದು ಇನ್ನಷ್ಟು ಕುಡಿದರು. ಅಕ್ಸಿನಿಯಾ ಒಂದು ತೊಟ್ಟೂ ಕುಡಿದಿರಲಿಲ್ಲ. ಅವಳ ತಲೆಯೂ ಸಿಡಿಯುತ್ತಿತ್ತು. ಆಗ ಜಿನೋವಿಯಾ ಅವಳಿಗೆ, ಲೋಟ ಸರಿಯಾಗಿ ತೊಳೆದಿಲ್ಲವೆಂದು ಬೈಯತೊಡಗಿದಳು. ಬೈಯುತ್ತಿದ್ದವಳು ಮಾತಿನ ಮಧ್ಯದಲ್ಲೇ ತೂಕಡಿಸಿ ಗೋಡೆಗೊರಗಿದಳು.

ಮದುವೆಯಾಗಿ ಬಂದ ದಿನದಿಂದ ಅತ್ತೆ ಬೈಗುಳ ಅರ್ಧಕ್ಕೆ ನಿಲ್ಲಿಸಿದ್ದನ್ನು ಅಕ್ಸಿನಿಯಾ ಕಂಡಿರಲಿಲ್ಲ. ಮುದುಕಿಯ ಕೆನ್ನೆ ತಟ್ಟಿ ತಟ್ಟಿ ಕಣ್ಣು ತೆರೆಸಿ, ಬೆಂಕಿಯ ಹತ್ತಿರ ಓಡಿದಳು.

"ಬೆಂಕಿ ಆರಿಸಿ! ಹೊಗೆ ಹೊರಗೆ ಹೋಗ್ತಿಲ್ಲ. ಎಲ್ಲರೂ ಸಾಯ್ತೀವಿ!"

ಮುದ್ದೆ ಬೇಯುತ್ತಿತ್ತು. ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಮೆಕ್ಕೆಜೋಳದ ಹಳದಿ ಮುದ್ದೆ ಗುಳುಗುಳು ಎನ್ನುತ್ತಿತ್ತು. ಸುತ್ತಲೂ ಜನ ತಟ್ಟೆ ಹಿಡಿದು ಮಂಕಾಗಿ ಕೂತಿದ್ದರು.

"ಹಂಗೆ ಏಕಾಏಕಿ ಆರಿಸಕ್ಕಾಗುತ್ತಾ?" ಎಂದ ಸಾವ. ಅವನ ನಾಲಿಗೆ ತೊದಲುತ್ತಿತ್ತು. "ಒಂದು ಸಭೆ ಸೇರಿ..."

"ಬೆಂಕಿ ಹಾಕಿದ್ದು ಕ್ಯಾಬರ್ನೆಯೋರು, ಅವರೇ ಆರಿಸ್ಲಿ" ಎಂದಿತು ಒಂದು ದನಿ.

"ಸೌದೆ ತಂದೋರು ಯಾರಪ್ಪ?"

ಅಕ್ಸಿನಿಯಾಗೆ ಕಣ್ಣು ಕತ್ತಲಿಟ್ಟಿತು. ಹೊಗೆಗೋ ಸಿಟ್ಟಿಗೋ ತಿಳಿಯಲಿಲ್ಲ. ಅವಳು ಸ್ಕರ್ಟಿನ ಅಂಚನ್ನು ಎರಡೂ ಕೈಗೆ ಸುತ್ತಿಕೊಂಡು ಪಾತ್ರೆಯನ್ನು ಬೆಂಕಿಯಿಂದೆತ್ತಿ ಗೇಟಿನ ಕಡೆಗೆ ನಡೆಯತೊಡಗಿದಳು.

"ಏಯ್! ಮುದ್ದೆ ಎಲ್ಲಿಗೆ ತಗೊಂಡ್ಹೋಗ್ತಿದಾಳೆ ಅವಳು?"

ಬೆಂಕಿಗೆ ಏಳದವರು, ಸಾವಿಗೆ ಏಳದವರು ಮುದ್ದೆಗೆ ಎದ್ದರು. ಗೋಡೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬೀಳುತ್ತ, ಕಳ್ಳಿ ಕಳ್ಳಿ ಎನ್ನುತ್ತ ಬೆನ್ನಟ್ಟಿದರು. ಎಫೀಮ ಜಿನೋವಿಯಾಳನ್ನು ಬೆನ್ನಿಗೆ ಹಾಕಿಕೊಂಡಿದ್ದ. ಪಾನ್‌ಫಿಲ್ ಗೋಣಿಗಳನ್ನು ಕಿತ್ತು ಗೇಟು ತಳ್ಳಿದ. ಬಿಳಿ ಬೆಳಕು, ಚೂರಿಯಂಥ ಗಾಳಿ ಒಟ್ಟಿಗೇ ನುಗ್ಗಿದವು. ಅಕ್ಸಿನಿಯಾ ಪಾತ್ರೆಯನ್ನು ಹಿಮದಲ್ಲಿ ಕುಕ್ಕಿದಳು. ಹಿಂದೆ ಬಂದವರು ಅದರ ಸುತ್ತ ಮೊಣಕಾಲೂರಿ ಕೆಮ್ಮಿದರು, ಕಾರಿದರು. ಮುದ್ದೆಯನ್ನು ಯಾರೂ ಮುಟ್ಟಲಿಲ್ಲ.

"ಎಲ್ಲರೂ ಬಂದ್ರಾ?" ಎಂದು ಕೂಗಿದಳು.

ಯಾರಿಗೂ ಗೊತ್ತಿರಲಿಲ್ಲ. ರೀಸ್ಲಿಂಗ್ ಬೀದಿಯ ಹೆಂಗಸೊಬ್ಬಳು ತನ್ನ ಅಪ್ಪ ಒಳಗೇ ಮಲಗಿದ್ದಾನೆ ಎಂದು ಅಳತೊಡಗಿದಳು.

"ಪಾನ್‌ಫಿಲ್, ಓಡು. ದಾರಿ ನಿನಗೆ ಗೊತ್ತು" ಎಂದಳು ಅಕ್ಸಿನಿಯಾ.

ಅವನು ಓಡಿದ. ಹಗ್ಗ ದಾಟಿ, ತಾನು ಕ್ಯಾಬರ್ನೆ ಬೀದಿಯವನಾದರೂ. ಸ್ವಲ್ಪ ಹೊತ್ತಿನಲ್ಲಿ ಮುದುಕನನ್ನು ಎಳೆದುಕೊಂಡು ಬಂದು ಹಿಮದ ಮೇಲೆ ಮಲಗಿಸಿದ. ಮುದುಕ ಉಸಿರಾಡುತ್ತಿದ್ದ. "ಅಲ್ಲಿ ಇನ್ಯಾರೋ ಕೆಮ್ಮಿದಂಗಾಯ್ತು" ಎಂದು ಹೇಳಿ ಪಾನ್‌ಫಿಲ್ ಮತ್ತೆ ಒಳಗೆ ನುಗ್ಗಿದ. ಬೇಡವೆನ್ನಬೇಕೆಂದು ಅಕ್ಸಿನಿಯಾಗೆ ಹೊಳೆಯುವಷ್ಟರಲ್ಲಿ ಅವನು ಕತ್ತಲಲ್ಲಿ ಕರಗಿದ್ದ.

ಅವನು ಬರಲಿಲ್ಲ. ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಅವಳೂ ಎಫೀಮನೂ ಹೋದರು. ಬೆಂಕಿಯ ಮೇಲೆ ಹಿಮ ಸುರಿದರು, ತೆವಳಿದರು, ಹೆಸರು ಹಿಡಿದು ಕೂಗಿದರು. ಎರಡನೆಯ ತಿರುವಿನಲ್ಲಿ ಅವನು ಬೋರಲಾಗಿ ಬಿದ್ದಿದ್ದ. ಅಲ್ಲಿ ಇನ್ಯಾರೂ ಇರಲಿಲ್ಲ. ಹೊರಗೆ ತಂದು ಎಷ್ಟು ಎದೆ ಒತ್ತಿದರೂ, ಎಷ್ಟು ಬೈದರೂ ಅವನು ಕಣ್ಣು ಬಿಡಲಿಲ್ಲ.

"ಏಳೋ ದಡ್ಡ, ಏಳೋ!" ಅಕ್ಸಿನಿಯಾ ಅವನ ಭುಜ ಹಿಡಿದು ಅಲುಗಿಸುತ್ತಲೇ ಇದ್ದಳು. ಕೊನೆಗೆ ಜಿನೋವಿಯಾ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬಿಡು ಮಗಳೇ. ನನಗೂ ಕೇಳಿಸ್ತಿತ್ತು ಕೆಮ್ಮು. ನಮ್ಮದೇ ಕೆಮ್ಮು, ಒಳಗೆ ಹೋಗಿ ತಿರುಗಿ ಬರ್ತಿತ್ತು."

ಮರುದಿನ ಬಿಸಿಲು ಬಂತು. ಗೇಟು ತೆರೆದೇ ಇತ್ತು. ಜನ ಅಂಗಳದಲ್ಲಿ ಕಂಬಳಿ ಹೊದ್ದು ನಿಂತು, ಪಾನ್‌ಫಿಲ್‌ನನ್ನು ಎಲ್ಲಿ ಹೂಳಬೇಕೆಂದು ಮಾತಾಡುತ್ತಿದ್ದರು. ಅಪ್ಪನನ್ನು ಉಳಿಸಿಕೊಂಡ ಹೆಂಗಸು, ಅವನನ್ನು ನಮ್ಮ ಕಡೆ ಹೂಳಿ ಎಂದಳು. ನಮ್ಮವನು, ನಮ್ಮ ಕಡೆಯೇ ಎಂದರು ಕ್ಯಾಬರ್ನೆಯವರು. ದನಿಗಳು ಏರತೊಡಗಿದವು. ಸಾವ ಕೋಟಿನ ಗುಂಡಿ ಹಾಕಿಕೊಂಡು ಗಂಟಲು ಸರಿಮಾಡಿಕೊಂಡ.

ಅಕ್ಸಿನಿಯಾ ರಾತ್ರಿಯೇ ಗಾಡಿ ಕಟ್ಟಿಟ್ಟಿದ್ದಳು. ಅತ್ತೆ ಬರಲಿ ಬಿಡಲಿ, ಬೆಳಿಗ್ಗೆ ಹೊರಡುವುದೆಂದು ನಿರ್ಧರಿಸಿದ್ದಳು. ಈಗ ಅವಳು ಆ ಗುಂಪನ್ನು ನೋಡಿದಳು. ಸೋತ ಮುಖಗಳು, ಊದಿದ ಕಣ್ಣುಗಳು, ಅಂಥದರಲ್ಲೂ ನಿಲ್ಲದ ಬಾಯಿಗಳು. ಇವರನ್ನು ಹೀಗೇ ಬಿಟ್ಟರೆ ನಾಳೆ ಇನ್ಯಾವುದಾದರೂ ರೀತಿಯಲ್ಲಿ ಸಾಯುತ್ತಾರೆ ಎನ್ನಿಸಿತು. ಅದು ಅವಳಿಗೆ ಮರುಕವಾಗಿ ಅಲ್ಲ, ತಡೆಯಲಾರದ ಕಿರಿಕಿರಿಯಾಗಿ ಬಂತು. ಗೋಡೆಗೊರಗಿಸಿದ್ದ ಗುದ್ದಲಿ ಎತ್ತಿಕೊಂಡು ಗುಂಪಿನ ನಡುವೆ ನುಗ್ಗಿದಳು.

"ಇಲ್ಲೇ" ಎಂದು ಗೇಟಿನ ಎದುರಿಗೇ ಹೆಪ್ಪುಗಟ್ಟಿದ ನೆಲಕ್ಕೆ ಗುದ್ದಲಿ ಹಾಕಿದಳು. "ಬಾಯಿ ಮುಚ್ಚಿ. ಕೈ ಇರೋರು ಬನ್ನಿ."

ಮೊದಲು ಯಾರೂ ಅಲುಗಲಿಲ್ಲ. ಆಮೇಲೆ ಎಫೀಮ ಹಾರೆ ತಂದ. ಆ ಹೆಂಗಸು ಬಂದಳು. ಮಣ್ಣು ಕಲ್ಲಿನಂತಿತ್ತು, ಮಧ್ಯಾಹ್ನದವರೆಗೆ ಅಗೆದರೂ ಗುಂಡಿ ಮೊಣಕಾಲುದ್ದವೂ ಇಳಿಯಲಿಲ್ಲ. ನಡುವೆ ಒಮ್ಮೆ ಅಕ್ಸಿನಿಯಾ ತಲೆಯೆತ್ತಿದಾಗ ಸಾವ ಕೋಟು ಕಳಚಿ ಬೇಲಿಗೆ ಹಾಕಿ, ಎರಡು ಬಕೆಟ್ಟು ಹಿಡಿದು ಬುಗ್ಗೆಯ ಕಡೆಗೆ ಜಾರುತ್ತ ಹೋಗುತ್ತಿದ್ದ.

"ಆ ಕಡೆ ಅಲ್ಲ ರೀ, ಬಲಕ್ಕೆ!" ಎಂದು ಅವಳು ಕಿರುಚಿದಳು. "ಇಷ್ಟು ದಿನದಿಂದ ಇಲ್ಲೇ ಇದೀರ, ನೀರೆಲ್ಲಿದೆ ಅಂತ ಗೊತ್ತಿಲ್ವಾ?"

ಅವನು ಬಲಕ್ಕೆ ತಿರುಗಿದ. ಅವಳು ಮತ್ತೆ ಅಗೆಯತೊಡಗಿದಳು.