ಸೊಸೆಯ ಮೊಂಡು ಅಲಗು

ಬೀದಿಯವರೆಲ್ಲ ಕತ್ತರಿಮಾಮ ಎಂದು ಕರೆಯುವ ಕ್ಷೌರಿಕರಿಗೆ ಕತ್ತರಿಯನ್ನೇ ಹಿಡಿಯಲಾಗದ ಕಾಲ ಬಂದಿತ್ತು. ಬಲ ಮೊಣಕೈಯ ಹೊರಮಗ್ಗುಲಲ್ಲಿ ಶುರುವಾದ ನೋವು ಮುಂಗೈಗೆ ಇಳಿದು, ಟೀ ಲೋಟ ಎತ್ತಿದರೂ ಪ್ರಾಣ ಹೋದಂತಾಗುತ್ತಿತ್ತು. ಅಂಗಡಿಗೆ ಬೀಗ ಬಿತ್ತು. ಗಿರಾಕಿಗಳು ಕಾದೂ ಕಾದೂ ಒಬ್ಬೊಬ್ಬರಾಗಿ ಪಕ್ಕದ ಬೀದಿಯ ಅಂಗಡಿಗೆ ಜಾರಿದರು. "ಈ ಕೈ ಕಥೆ ಮುಗೀತು, ಅಂಗಡಿ ಬಿಟ್ಟುಕೊಡ್ತೀನಿ" ಎಂದು ಅವರು ಹೆಂಡತಿಗೆ ಹೇಳಿದ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಫಿಸಿಯೋಥೆರಪಿ ಓದಿದ ಸೊಸೆ ಮನೆಯಲ್ಲೇ ಇದ್ದಳು. ಆದರೂ ಮಾಮ ಕಂಡ ಕಂಡ ಎಣ್ಣೆ ತಿಕ್ಕಿಸಿಕೊಂಡು, ಕಂಡ ಕಂಡ ಪಟ್ಟಿ ಸುತ್ತಿಸಿಕೊಂಡು, ಇನ್ನೇನೂ ಉಳಿಯದೆ ಹೋದಾಗ ಅವಳ ಮುಂದೆ ಕೈ ಚಾಚಿದರು. ಅವಳು ಕ್ರೀಮು ಸವರಿ, ಬಾಗಿದ ಉಕ್ಕಿನ ಅಲಗೊಂದನ್ನು ಮುಂಗೈ ಮೇಲೆ ಓರೆಯಾಗಿಟ್ಟು ನಿಧಾನವಾಗಿ ಎಳೆದಳು. ಒಂದು ಕಡೆ ಅಲಗಿನ ಕೆಳಗೆ ಮರಳು ಸಿಕ್ಕಿದಂತೆ ಗರಗರ ಎಂದಿತು.

"ಬಿಗಿದುಕೊಂಡಿರೋದು ಇಲ್ಲೇ, ಮಾವ."

ಚರ್ಮ ಕೆಂಪಾಗುತ್ತಿದ್ದಂತೆ ನಿಲ್ಲಿಸಿ, ಆಮೇಲೆ ಮಣಿಕಟ್ಟಿನ ವ್ಯಾಯಾಮ ಮಾಡಿಸುತ್ತಿದ್ದಳು. ಹೀಗೇ ಕೆಲವು ವಾರ ನಡೆಯಿತು. ಹೇಗಿದೆ ಎಂದು ಕೇಳಿದಾಗಲೆಲ್ಲ ಮಾಮನದು ಒಂದೇ ರಾಗ: "ಏನೋಮ್ಮ, ಹಾಗೇ ಇದೆ." ಪಾಪ, ಅವರು ಸುಳ್ಳು ಹೇಳುತ್ತಿರಲಿಲ್ಲ. ವ್ಯಾಯಾಮ ಮುಗಿದದ್ದೇ ಬಲಗೈಯನ್ನು ಮಡಿಲಲ್ಲಿ ಜೋಪಾನವಾಗಿ ಮಲಗಿಸಿ, ಲೋಟಕ್ಕೂ ಬಾಗಿಲಿಗೂ ಎಡಗೈ ಚಾಚುವ ಮನುಷ್ಯನಿಗೆ ಗೊತ್ತಾಗುವುದಾದರೂ ಹೇಗೆ?

ದೋಷ ಎಲ್ಲಿದೆ ಎಂದು ಅವರಿಗೆ ಹೊಳೆದದ್ದು ಒಂದು ಮಧ್ಯಾಹ್ನ. ಸೊಸೆ ಕೆಲಸಕ್ಕೆ ಹೋಗಿದ್ದಳು, ಅಲಗು ಮೇಜಿನ ಮೇಲಿತ್ತು. ಅಂಚಿಗೆ ಹೆಬ್ಬೆರಳು ತಾಗಿಸಿ ನೋಡಿದರು. ಪೂರಾ ಮೊಂಡು. ಇಂಥದ್ದನ್ನು ಹಿಡಿದು ಆ ಹುಡುಗಿ ಇಷ್ಟು ದಿನ ಒದ್ದಾಡಿದಳಲ್ಲ ಎಂದು ಅವರ ಕರುಳು ಚುರುಕ್ ಎಂದಿತು. ಜೀವಮಾನವಿಡೀ ಕ್ಷೌರದ ಕತ್ತಿ ಮಸೆದವರು ಸುಮ್ಮನೆ ಕೂರುವುದುಂಟೆ? ಮಸೆಗಲ್ಲು ಬಂತು, ನೀರು ಬಂತು. ಅಂಚು ಕೂದಲು ಸೀಳುವಷ್ಟು ಹರಿತವಾಗುವ ತನಕ ಮಾಮ ತಲೆ ಎತ್ತಲಿಲ್ಲ. ಎಷ್ಟೋ ದಿನಗಳ ಮೇಲೆ ಶಿಳ್ಳೆ ಬೇರೆ ಹಾಕಿದರು.

ಸಂಜೆ ಅಲಗು ಎತ್ತಿಕೊಂಡ ಸೊಸೆಯ ಕೈ ಅರ್ಧದಲ್ಲೇ ನಿಂತಿತು.

"ಮಾವ, ಇದಕ್ಕೇನು ಮಾಡಿದ್ರಿ?"

"ಮೊಂಡಾಗಿತ್ತಮ್ಮ, ಮಸೆದಿಟ್ಟಿದೀನಿ. ಇನ್ನು ಸಲೀಸಾಗಿ ಹೋಗುತ್ತೆ."

"ಹೋಗುತ್ತೆ, ಮೂಳೆ ತನಕ. ಇದು ಮೊಂಡಾಗೇ ಇರಬೇಕು ಮಾವ. ಉಜ್ಜೋದಕ್ಕೆ ಇರೋದು, ಕೊಯ್ಯೋದಕ್ಕಲ್ಲ."

ಮಾಮನ ಮುಖ ಪೆಚ್ಚಾಯಿತು. ಅಡುಗೆಮನೆಯಿಂದ ಬಂದ ಹೆಂಡತಿ ಗಂಡನ ಬುದ್ಧಿವಂತಿಕೆಯನ್ನು ಬಾಯ್ತುಂಬ ಹೊಗಳಿದರು. ಸೊಸೆ ಮಾತ್ರ ಬೈಯಲಿಲ್ಲ. ಅಲಗನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದವಳು ಥಟ್ಟನೆ ಕೇಳಿದಳು.

"ಯಾವ ಕೈಯಲ್ಲಿ ಮಸೆದ್ರಿ?"

"ಇದೇನಮ್ಮ ಹೀಗೆ ಕೇಳ್ತೀಯ? ಎಡಗೈಯಲ್ಲಿ ಯಾರಾದರೂ..."

ಮಾಮ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿದರು. ಮುಷ್ಟಿ ಬಿಗಿದರು, ಬಿಚ್ಚಿದರು. ದುಡಿದ ದಿನದ ಸಣ್ಣ ಆಯಾಸ ಬಿಟ್ಟರೆ ಮೊಣಕೈಯಲ್ಲಿ ಏನೂ ಇರಲಿಲ್ಲ. ಇಷ್ಟು ತಿಂಗಳು ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿದು, ಅವರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಅಂಗಡಿ ಬೀಗದ ಕೈ ಎಲ್ಲಿಟ್ಟಿದೀಯೇ?" ಎಂದು ಹೆಂಡತಿಯನ್ನು ಕೇಳಿದರು.

"ಸದ್ಯಕ್ಕೆ ದಿನಕ್ಕೆ ಒಂದೇ ತಲೆ, ಮಾವ" ಎಂದಳು ಸೊಸೆ.

"ಒಂದೇ ಸಾಕಮ್ಮ" ಎಂದರು ಮಾಮ.