ಡಬ್ಬಿ ಬಿಚ್ಚಿ ಕೊಟ್ಟ ಮಾತ್ರೆ

ಔಷಧಿ ಅಂಗಡಿಯಲ್ಲಿ ಹದಿನಾಲ್ಕು ವರ್ಷ ನಿಂತೂ ನಿಂತೂ ಅವಳ ಕಾಲಿನ ನರಗಳು ಉಬ್ಬಿದ್ದವು. ಬೀದಿಗೆಲ್ಲ ಅವಳು ‘ಅಕ್ಕ’. ಹಲ್ಲುದುರಿದ ಮುದುಕರೂ ಹಾಗೇ ಕರೆಯುತ್ತಿದ್ದರು. ಬೇಡವೆನ್ನಲು ಅವಳಿಗೆ ತ್ರಾಣವಿರಲಿಲ್ಲ. ಬಸಿರು ನಿಲ್ಲದಿರಲೆಂದು ಮಾರನೆಯ ದಿನ ನುಂಗುವ ಮಾತ್ರೆ ಬೇಕಾದಾಗ ಹೆಂಗಸರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಳು ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಡಬ್ಬಿಯನ್ನೂ ಒಳಗೆ ಮಡಿಸಿಟ್ಟ ಕಾಗದವನ್ನೂ ಕಸದ ಬುಟ್ಟಿಗೆ ಹಾಕಿ, ಮಾತ್ರೆಯೊಂದನ್ನೇ ಸಣ್ಣ ಕವರಿನಲ್ಲಿಟ್ಟು ಕೊಡುತ್ತಿದ್ದಳು. ಡಬ್ಬಿ ಮನೆಗೆ ಹೋದರೆ ಯಾರದಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇದು ಅವಳೇ ಕಂಡುಕೊಂಡ ಪದ್ಧತಿ, ಅದರ ಬಗ್ಗೆ ಒಳಗೊಳಗೇ ಹೆಮ್ಮೆ ಬೇರೆ. ಆ ಕಾಗದವನ್ನು ಮಾತ್ರ ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಇರುವೆ ಸಾಲಿನಂಥ ಅಕ್ಷರ, ಓದಿ ಕಣ್ಣು ಕೆಡಿಸಿಕೊಳ್ಳುವವರು ಯಾರು?

ಒಡಹುಟ್ಟಿದ ತಂಗಿಗೂ ಹಾಗೇ ಕೊಟ್ಟಿದ್ದಳು. ತಂಗಿ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಎರಡನೆಯ ಕೂಸಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಗಂಡನಿಗೆ ವಿಷಯ ಗೊತ್ತಿರಲಿಲ್ಲ. ಮಾತ್ರೆ ನುಂಗಿದ ಎರಡು ವಾರಕ್ಕೆ ಒಂಚೂರು ರಕ್ತ ಕಂಡಿತು. ಮುಟ್ಟಾಯಿತು ಎಂದು ತಂಗಿ ಫೋನ್ ಮಾಡಿದಾಗ, ಬದುಕಿಕೊಂಡೆ ಬಿಡು ಎಂದು ಅಕ್ಕ ನಕ್ಕಿದ್ದಳು.

ಮತ್ತೆ ಮೂರು ವಾರ ಕಳೆದ ಮೇಲೆ ತಂಗಿ ಅಂಗಡಿಗೇ ಬಂದಳು. ಕಿಬ್ಬೊಟ್ಟೆಯ ಎಡಗಡೆ ನೋವು, ಎರಡು ದಿನದಿಂದ. ಆಗಾಗ ಬಟ್ಟೆಯಲ್ಲಿ ಕಲೆ. ಗಲ್ಲಾದ ಮುಂದೆ ಆರು ಜನ ಕೈ ಚಾಚಿ ನಿಂತಿದ್ದರು. ಆ ಆರು ಕೈಗಳ ನಡುವೆ ತಂಗಿಯದೂ ಒಂದು ಕೈಯಾಯಿತು. ಅಕ್ಕ ಮುಖ ನೋಡಲಿಲ್ಲ. ಈ ತಿಂಗಳದ್ದು ಬರುವ ಹೊತ್ತಲ್ಲವೇ, ಅದೇ ಇರಬೇಕು ಎಂದು ನೋವಿನ ಮಾತ್ರೆ ಕೊಟ್ಟು, ಉಂಡು ಮಲಗು ಎಂದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ತಂಗಿಗೆ ಹಿತ್ತಲ ಗಿಡವೇ ಮದ್ದು. ತಲೆಯಾಡಿಸಿ ಹೋದಳು.

ಮಾರನೆಯ ದಿನ ಮಧ್ಯಾಹ್ನ ಅವಳು ಹೊಲಿಗೆ ಯಂತ್ರದ ಮೇಲೇ ಕುಸಿದಳು.

ಅಕ್ಕ ಆಸ್ಪತ್ರೆಗೆ ಓಡಿ ಬಂದಾಗ ಡಾಕ್ಟರಮ್ಮ ಕೊನೆಯ ಮುಟ್ಟು ಯಾವಾಗ ಎಂದು ಕೇಳುತ್ತಿದ್ದಳು. ತಲೆದೆಸೆಯಲ್ಲಿ ಗಂಡ ನಿಂತಿದ್ದ. ತಂಗಿ ಒಣಗಿದ ತುಟಿಯಲ್ಲಿ ಆ ಒಂಚೂರು ರಕ್ತ ಕಂಡ ದಿನವನ್ನೇ ಹೇಳಿದಳು. ಹಾಗಾದರೆ ಬಸಿರಿರಲಾರದು, ಮೂತ್ರಪಿಂಡದ ಕಲ್ಲೇನೋ ಎಂದು ಡಾಕ್ಟರಮ್ಮ ಬರೆಯತೊಡಗಿದಳು. ತಂಗಿಯ ಕಣ್ಣು ಅಕ್ಕನ ಮೇಲಿತ್ತು: ಹೇಳಬೇಡ. ಹದಿನಾಲ್ಕು ವರ್ಷ ಯಾರ ಗುಟ್ಟನ್ನೂ ಬಿಟ್ಟುಕೊಡದ ಬಾಯಿ ಅಕ್ಕನದು.

“ಅದು ಮುಟ್ಟೋ ಅಲ್ವೋ ಗೊತ್ತಿಲ್ಲ ಡಾಕ್ಟ್ರೇ,” ಎಂದಳು. “ಅದಕ್ಕೆ ಎರಡು ವಾರ ಮುಂಚೆ ಬಸಿರು ನಿಲ್ಲದ ಮಾತ್ರೆ ನುಂಗಿದ್ದಾಳೆ. ನಾನೇ ಕೊಟ್ಟಿದ್ದು.”

ಗಂಡ ಹೆಂಡತಿಯನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಹೆಂಡತಿಯ ತಣ್ಣನೆಯ ಪಾದವನ್ನು ಹಿಡಿದುಕೊಂಡ. ಡಾಕ್ಟರಮ್ಮ ಅಷ್ಟರಲ್ಲಿ ನರ್ಸನ್ನು ಕೂಗಿಯಾಗಿತ್ತು. ಸ್ಕ್ಯಾನ್ ಮಾಡಿದರು, ಅರ್ಧ ಗಂಟೆಯೊಳಗೆ ಆಪರೇಷನ್ನಿಗೆ ಒಯ್ದರು. ಬಸಿರು ಗರ್ಭಕೋಶಕ್ಕೆ ಇಳಿಯದೆ ಅಂಡನಾಳದಲ್ಲೇ ಕಟ್ಟಿಕೊಂಡಿತ್ತು. ನಾಳ ಒಡೆದು ಹೊಟ್ಟೆ ತುಂಬ ರಕ್ತ.

ಆ ನಾಳವನ್ನು ತೆಗೆಯಬೇಕಾಯಿತು, ಜೀವ ಉಳಿಯಿತು. ಡಾಕ್ಟರಮ್ಮ ಹೊರಗೆ ಬಂದು ಗೋಡೆಗೆ ಒರಗಿದಳು, ಅವಳಿಗೂ ಸಾಕಾಗಿತ್ತು. ಮಾತ್ರೆಯಿಂದಲೇ ಹೀಗಾಯಿತೇ ಎಂದು ಅಕ್ಕ ಕೇಳಿದಳು. ಹೌದೆನ್ನಲಿ, ಬೈಯಲಿ ಎಂದೇ ಅವಳ ಮನಸ್ಸಿನಲ್ಲಿತ್ತು.

“ಮಾತ್ರೆಯಿಂದಾನೇ ಅಂತ ಹೇಳೋಕಾಗಲ್ಲಮ್ಮ, ಅದು ಸಾಬೀತಾಗಿಲ್ಲ. ಆದ್ರೆ ನುಂಗಿದ ಮೇಲೂ ಕೆಲವರಿಗೆ ಬಸಿರು ನಿಲ್ಲುತ್ತೆ. ಆಮೇಲೆ ಹೊಟ್ಟೆನೋವು ಅಂತ ಬಂದ್ರೆ ತಕ್ಷಣ ಪರೀಕ್ಷೆ ಮಾಡಿಸ್ಬೇಕು, ಡಬ್ಬಿಯೊಳಗಿನ ಕಾಗದದಲ್ಲೇ ಬರೆದಿರುತ್ತೆ. ಇವರು ಯಾರಿಗೂ ತೋರಿಸಲಿಲ್ವಾ?”



ಸಂಜೆ ತಂಗಿಗೆ ಎಚ್ಚರವಾಯಿತು. ಅಕ್ಕ ಮಂಚದ ಪಕ್ಕ ಕುಳಿತು ಅಳುತ್ತಿದ್ದಳು. ಅವಳಿಗೆ ಸಮಾಧಾನವಾಗಲೆಂದೇ ತಂಗಿ ಕೈ ಚಾಚಿ ಅವಳ ಮೊಣಕೈ ಸವರಿದಳು.

“ನಿನ್ ತಪ್ಪೇನಿಲ್ಲಕ್ಕ. ಬೇರೆ ಯಾರಾದ್ರೂ ಆ ನೋವಿನ ಮಾತ್ರೆ ಕೊಟ್ಟಿದ್ರೆ ಡಾಕ್ಟ್ರ ಹತ್ರ ಹೋಗ್ತಿದ್ದೆ. ನೀನೇ ಕೊಟ್ಟೆಯಲ್ಲ, ಅದಕ್ಕೇ ಸುಮ್ನಿದ್ದೆ.”