ಮೂಲೆಯಲ್ಲಿ ಬಂದ ಚಿತ್ರ

ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಒಂದು ನದಿಯ ಹೆಸರು ತಪ್ಪಾಗಿ ಬಿದ್ದಿದೆ ಎಂದು ಸ್ಕ್ರೀನಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಅಷ್ಟರಲ್ಲಿ ಬಲಗಡೆಯ ಕೆಳಮೂಲೆಯಿಂದ ಆ ಚಿತ್ರ ಜಾರಿಕೊಂಡು ಬಂತು. ಮೈಮೇಲೆ ನೂಲೆಳೆಯೂ ಇಲ್ಲದ ಹೆಂಗಸೊಬ್ಬಳು ಕಣ್ಣು ಮಿಟುಕಿಸುತ್ತಿದ್ದಳು. ಪಕ್ಕದಲ್ಲಿ ‘ನಿನ್ನ ಬೀದಿಯಲ್ಲೇ ಇದ್ದೇನೆ, ಬಾ’ ಎಂಬ ಬರಹ.

ಮೌಸ್ ಹಿಡಿದಿದ್ದ ಆ ಮನೆಯ ಸೊಸೆಯ ಕೈ ಹಾಗೇ ನಿಂತುಹೋಯಿತು. ಪುಸ್ತಕಗಳಿಗೆ ಪುಟ ಕಟ್ಟಿಕೊಡುವುದು ಅವಳ ಕೆಲಸ. ನಡುಮನೆಯ ಕಿಟಕಿ ಪಕ್ಕದ ಮೇಜೇ ಅವಳ ಕಚೇರಿ, ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರೇ ಅವಳ ಬಂಡವಾಳ. ಮದುವೆಯಾಗಿ ಬಂದಾಗಿನಿಂದ ಎಷ್ಟೋ ಲೇಖಕರು ಆ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು ತಪ್ಪು ತಿದ್ದಿಸಿಕೊಂಡು ಹೋಗಿದ್ದರು. ಇಂಥದ್ದು ಯಾವತ್ತೂ ಆಗಿರಲಿಲ್ಲ.

ಮೇಷ್ಟ್ರು ಭೂಗೋಳ ಪಾಠ ಮಾಡಿ ನಿವೃತ್ತರಾದವರು, ಸಂಭಾವಿತರು. ಕನ್ನಡಕ ತೆಗೆದರು, ಅಂಗಿಯ ಅಂಚಿನಿಂದ ನಿಧಾನವಾಗಿ ಒರೆಸಿದರು. ಅವಳು ಚಿತ್ರವನ್ನು ಮುಚ್ಚುವಷ್ಟು ಹೊತ್ತು ಕೊಟ್ಟು ಮತ್ತೆ ಹಾಕಿಕೊಂಡರು.

"ನೋಡಮ್ಮ, ಮೂರನೇ ಸಾಲಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ" ಎಂದರು.

ಅವರೇನೋ ಮರ್ಯಾದೆ ಕಾಪಾಡಿದರು. ಆದರೆ ಬೆನ್ನ ಹಿಂದೆ ಕಪ್ಪು-ಬಸಿಗಳು ಗಲಗಲ ಅಂದದ್ದು ಅವಳಿಗೆ ಕೇಳಿಸಿತ್ತು. ಅತ್ತೆ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅತ್ತೆಯನ್ನು ಬೀದಿಯವರೆಲ್ಲ ಸಿಸ್ಟರಮ್ಮ ಎಂದೇ ಕರೆಯುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ಆಪರೇಶನ್ ಥಿಯೇಟರಿನಲ್ಲಿ ಹೆಡ್ ನರ್ಸ್ ಆಗಿದ್ದವರು. ಅವರು ಕಣ್ಣು ಬಿಟ್ಟರೆ ದೊಡ್ಡ ದೊಡ್ಡ ಸರ್ಜನ್ನುಗಳೂ ಮತ್ತೊಂದು ಸಲ ಕೈ ತೊಳೆದುಕೊಂಡು ಬರುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಆ ಕಣ್ಣು ಮನೆಯ ಮೇಲಿತ್ತು. ಮೇಷ್ಟ್ರು ಮೆಟ್ಟಿಲಿಳಿದು ಗೇಟು ದಾಟುವವರೆಗೂ ಸುಮ್ಮನಿದ್ದು, ಆಮೇಲೆ ಬಾಯಿಬಿಟ್ಟರು.

"ಯಾರ ಕೆಲಸ ಇದು ಅಂತ ನಂಗೆ ಗೊತ್ತು."

"ಅತ್ತೆ, ಇಂಟರ್‌ನೆಟ್ಟಲ್ಲಿ ಏನೇನೋ ಬರುತ್ತೆ. ನಾನು ನೋಡ್ತೀನಿ."

"ಸುಮ್ ಸುಮ್ನೆ ಬರುತ್ತಾ? ಯಾರೋ ಕರೆದಿದ್ದಕ್ಕೇ ಬಂದಿರೋದು. ನಾನಲ್ಲ, ನೀನಲ್ಲ. ದೊಡ್ಡೋನು ರೈಲು ಓಡಿಸ್ಕೊಂಡು ಊರೂರು ತಿರುಗ್ತಿದಾನೆ. ಇನ್ಯಾರು ಉಳಿದ್ರು ಹೇಳು."

ಉಳಿದವನು ಪುಟ್ಟು. ಅವಳ ಮೈದುನ, ಇನ್ನೂ ಮದುವೆಯಾಗದವನು, ಲಿಫ್ಟ್ ಮೆಕ್ಯಾನಿಕ್. ಸಂಜೆ ಕೆಲಸದಿಂದ ಬಂದು ಕೈಗೆ ಮೆತ್ತಿದ ಗ್ರೀಸನ್ನು ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದುಕೊಂಡು, ಹಳೇ ಬೈಕುಗಳನ್ನು ಬಿಚ್ಚಿ ಜೋಡಿಸುವ ವಿಡಿಯೋ ನೋಡುತ್ತ ಕೂರುವುದು ಅವನ ಅಭ್ಯಾಸ. ಸೊಸೆಗೂ ಅವತ್ತು ಒಂದು ಗಳಿಗೆ ಅನುಮಾನ ಬಂದದ್ದು ನಿಜ. ಬೈಕಿನ ವಿಡಿಯೋದಿಂದ ಇನ್ನೆಲ್ಲಿಗೋ ಹೋಗಿರಬಹುದೇ ಎಂದುಕೊಂಡಳು.

ಆ ಸಂಜೆ ಪುಟ್ಟು ಎಂದಿನಂತೆ ಕೈ ಒರೆಸಿಕೊಂಡು ಕುರ್ಚಿ ಎಳೆದ.

"ಮುಟ್ಟಬೇಡ ಅದನ್ನ" ಎಂದರು ಸಿಸ್ಟರಮ್ಮ.

"ಯಾಕಮ್ಮ, ಕೆಟ್ಟುಹೋಯ್ತಾ?"

"ಕೆಟ್ಟಿರೋದು ಅದಲ್ಲ. ಯಾಕೆ ಅಂತ ನಿನ್ನ ಮನಸ್ಸಿಗೆ ಗೊತ್ತು."

ಅವನು ಅಮ್ಮನ ಮುಖ ನೋಡಿದ. ಆಮೇಲೆ ಅತ್ತಿಗೆಯ ಮುಖ ನೋಡಿದ. ಅವಳು ತೊಳೆದಿಟ್ಟ ಲೋಟವನ್ನೇ ಮತ್ತೆ ಒರೆಸುತ್ತ ನಿಂತಳು. ಅಮ್ಮ ಬಿಡಿಸಿ ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು.

"ನಾನಲ್ಲ" ಎಂದ.

"ಥಿಯೇಟರಲ್ಲಿ ರೋಗಿ ಹೊಟ್ಟೇಲಿ ಹತ್ತಿ ಮರೆತೋರೂ ಇದನ್ನೇ ಹೇಳ್ತಿದ್ರು."

ಅವನು ಎರಡು ಜೊತೆ ಬಟ್ಟೆ ಬ್ಯಾಗಿಗೆ ತುರುಕಿಕೊಂಡು, ಜೊತೆಗಾರನ ರೂಮಿನಲ್ಲಿರುತ್ತೇನೆ ಎಂದು ಹೇಳಿ ಹೊರಟುಹೋದ. ಚಪ್ಪಲಿ ಮೆಟ್ಟಿಕೊಳ್ಳುವಾಗ ಅತ್ತಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಚುಚ್ಚಿದ್ದು ಅದೇ.

ಮರುದಿನ ಬೆಳಿಗ್ಗೆ ಸಿಸ್ಟರಮ್ಮ ಆಜ್ಞೆ ಹೊರಡಿಸಿದರು. ಇಂಥ ಹೊಲಸು ಈ ಮನೆಯೊಳಗೆ ಕಾಲಿಡಬಾರದು, ಅದಕ್ಕೇನು ಬೀಗವೋ ಚಿಲಕವೋ ಇದೆಯೋ ಎಲ್ಲ ಹಾಕು. ಸೊಸೆಗೆ ಆ ಕೆಲಸ ಗೊತ್ತಿತ್ತು. ಇಂಟರ್‌ನೆಟ್ ಬರುವ ಪೆಟ್ಟಿಗೆಯಲ್ಲೇ, ಅಂದರೆ ಗೋಡೆಗೆ ಹೊಡೆದಿದ್ದ ರೂಟರಿನಲ್ಲಿ, ಮಕ್ಕಳಿರುವ ಮನೆಗಳಲ್ಲಿ ಹಾಕಿಕೊಳ್ಳುವಂಥ ಸೋಸುವ ವ್ಯವಸ್ಥೆ ಮಾಡಿದಳು. ಕೆಟ್ಟ ಸೈಟುಗಳ ಹೆಸರು ಹೊಡೆದು ಪರೀಕ್ಷೆಯನ್ನೂ ಮಾಡಿದಳು. ಒಂದೂ ತೆರೆಯಲಿಲ್ಲ. ಕಂಪ್ಯೂಟರಿನ ಪಾಸ್‌ವರ್ಡನ್ನೂ ಬದಲಾಯಿಸಿದಳು.

"ಈಗ ಸರಿಹೋಯ್ತು" ಎಂದರು ಸಿಸ್ಟರಮ್ಮ.

ಸರಿಹೋಗಿರಲಿಲ್ಲ. ಅದೇ ವಾರ, ಮೇಷ್ಟ್ರ ನಕಾಶೆಗಳನ್ನು ಅವಳು ಪುಟಕ್ಕೆ ಕೂರಿಸುತ್ತಿದ್ದಾಗ ಕಣ್ಣು ಮಿಟುಕಿಸುವವಳು ಮತ್ತೆ ಬಂದಳು. ಹಿಂದೆಯೇ ಇನ್ನೊಬ್ಬಳು. ಅದರ ಹಿಂದೆ, ‘ನಿಮ್ಮ ಕಂಪ್ಯೂಟರಿಗೆ ವೈರಸ್ ಹತ್ತಿದೆ, ತಕ್ಷಣ ಒತ್ತಿ’ ಎಂಬ ಕೆಂಪು ಎಚ್ಚರಿಕೆ.

ಅವಳು ಕುರ್ಚಿಗೆ ಒರಗಿ ಯೋಚಿಸಿದಳು. ಪುಟ್ಟು ಮನೆಯಲ್ಲಿಲ್ಲ. ಬೀಗ ಗಟ್ಟಿಯಾಗಿದೆ. ಹಾಗಾದರೆ ಇದು ಹೊರಗಿನಿಂದ ಹೊಸದಾಗಿ ನುಗ್ಗುತ್ತಿರುವುದಲ್ಲ. ಬೀಗ ಹಾಕುವ ಮೊದಲೇ ಯಾರೋ ಒಳಗೆ ಕರೆದು ಮಣೆ ಹಾಕಿ ಕೂರಿಸಿದ್ದಾರೆ. ಅದು ಪುಟ್ಟುವೇ ಆಗಿರಬೇಕೆಂದಿಲ್ಲ, ಆ ಕಂಪ್ಯೂಟರಿನ ಮುಂದೆ ಕೂರುವವರು ಇನ್ನೂ ಇಬ್ಬರಿದ್ದಾರೆ. ತನ್ನ ಕೆಲಸ ತನಗೆ ಗೊತ್ತು. ಅವಳು ಎದ್ದು ಒಳಗೆ ಹೋದಳು. ನೇರವಾಗಿ ಕೇಳಿದರೆ ಅತ್ತೆ ಉರಿದುಬೀಳುತ್ತಾರೆ ಎಂದು ಗೊತ್ತಿದ್ದರಿಂದ ಸುತ್ತಿ ಬಳಸಿ ಕೇಳಿದಳು.

"ಅತ್ತೆ, ಮತ್ತೆ ಬಂತು."

ಸಿಸ್ಟರಮ್ಮನ ಕೈಯಲ್ಲಿದ್ದ ಹೆಣಿಗೆ ಕಡ್ಡಿಗಳು ನಿಂತವು. ಅವರು ಆಸ್ಪತ್ರೆಯ ಹಸುಗೂಸುಗಳಿಗೆ ಉಣ್ಣೆಯ ಟೋಪಿ ಹೆಣೆದು ಕಳಿಸುತ್ತಿದ್ದರು.

"ಅವನು ಕದ್ದು ಬಂದು ಹೋದನಾ?"

"ಇಲ್ಲ. ಅವನಿಲ್ದೇನೇ ಬಂತು. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಥಿಯೇಟರಲ್ಲಿ ರೋಗಿಗೆ ಸೋಂಕು ತಗುಲಿದ್ರೆ ನೀವು ಏನು ಮಾಡ್ತಿದ್ರಿ?"

"ಒಬ್ಬೊಬ್ಬರನ್ನೇ ನಿಲ್ಲಿಸಿ, ಅವತ್ತು ಮಾಡಿದ ಕೆಲಸಾನೇ ನನ್ನ ಕಣ್ಣೆದುರು ಮತ್ತೆ ಮಾಡಿಸ್ತಿದ್ದೆ. ಕೈ ತೊಳೆಯೋದರಿಂದ ಹಿಡಿದು."

"ದೊಡ್ಡ ಡಾಕ್ಟರನ್ನೂ?"

"ಅವರನ್ನೇ ಮೊದಲು."

ಹೇಳಿದ ಮೇಲೆ ಸಿಸ್ಟರಮ್ಮನಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಯಿತು. ಹುಬ್ಬು ಗಂಟಿಕ್ಕಿತು. ಆದರೆ ತಾವೇ ಮಾಡಿದ ಕಾನೂನು, ಮುರಿಯುವಂತಿಲ್ಲ. ಹೆಣಿಗೆಯನ್ನು ಬುಟ್ಟಿಯಲ್ಲಿಟ್ಟು ಎದ್ದು ಬಂದು ಕಂಪ್ಯೂಟರಿನ ಮುಂದೆ ಕೂತರು.

"ನಾನು ಮಾಡೋದು ಒಂದೇ ಕೆಲಸ. ಹೆಣಿಗೆ ನಮೂನೆ ಹುಡುಕೋದು. ನೋಡ್ಕೋ ಬೇಕಾದ್ರೆ."

ಸೊಸೆ ಪಕ್ಕದಲ್ಲಿ ಲೇಖಕರು ಕೂರುವ ಕುರ್ಚಿಯಲ್ಲಿ ಕೂತಳು. ಸಿಸ್ಟರಮ್ಮ ಒಂದೇ ಬೆರಳಿನಲ್ಲಿ ಟೈಪು ಮಾಡಿ ಉಣ್ಣೆ ನಮೂನೆಗಳನ್ನು ಪುಕ್ಕಟೆ ಕೊಡುವ ಸೈಟುಗಳನ್ನು ಹುಡುಕಿದರು. ಒಂದನ್ನು ತೆರೆದರು. ಕಿವಿ ಮುಚ್ಚುವ ಟೋಪಿ, ಬೆಕ್ಕಿನ ಕಿವಿಯ ಟೋಪಿ, ಎಲ್ಲ ಚೆನ್ನಾಗಿಯೇ ಇದ್ದವು. ಅವರು ಬೆಕ್ಕಿನ ಕಿವಿಯದನ್ನು ಒತ್ತಿದರು. ಪುಟ ಮಸುಕಾಯಿತು. ನಡುವೆ ಒಂದು ಬರಹ ಬಂತು: ‘ನೀವು ರೋಬೋಟ್ ಅಲ್ಲ ಎಂದು ಖಚಿತಪಡಿಸಲು ‘ಅಲೋ’ ಒತ್ತಿ’. ಮೇಲೆ ಎಡಗಡೆ ಮೂಲೆಯಲ್ಲಿ ಪುಟ್ಟ ಪೆಟ್ಟಿಗೆ ತೆರೆದು, ಈ ಸೈಟು ನಿಮಗೆ ನೋಟಿಫಿಕೇಶನ್, ಅಂದರೆ ಆಗಾಗ ಮೂಲೆಯಲ್ಲಿ ಮೂಡುವ ಸೂಚನೆ, ಕಳಿಸಬಹುದೇ ಎಂದು ಕೇಳಿತು.

ಸಿಸ್ಟರಮ್ಮ ಒಂಚೂರೂ ತಡಮಾಡದೆ ‘ಅಲೋ’ ಎಂಬ ಒಪ್ಪಿಗೆಯ ಗುಂಡಿ ಒತ್ತಿದರು.

"ಅತ್ತೆ, ಅದನ್ನ ಯಾಕೆ ಒತ್ತಿದ್ರಿ?"

"ಯಾಕೆ ಅಂದ್ರೆ? ನಾನು ರೋಬೋಟಾ? ಅಲ್ವಲ್ಲ. ಕೇಳಿದಾಗ ನಿಜ ಹೇಳಬೇಕು ತಾನೇ."

ಸೊಸೆಗೆ ನಗು ಉಕ್ಕಿಬಂತು. ತುಟಿ ಕಚ್ಚಿ ಹಿಡಿದಳು. ಹೆಚ್ಚು ಹೊತ್ತು ಹಿಡಿಯಬೇಕಾಗಲಿಲ್ಲ. ಬೆಕ್ಕಿನ ಕಿವಿಯ ಟೋಪಿ ಪೂರ್ತಿ ತೆರೆದುಕೊಳ್ಳುವ ಮೊದಲೇ ಕೆಳಮೂಲೆಯಿಂದ ಹೊಸ ಹೆಂಗಸೊಬ್ಬಳು ಮೇಲೆದ್ದು ಬಂದಳು.

ಸಿಸ್ಟರಮ್ಮ ಚಿತ್ರವನ್ನು ನೋಡಿದರು. ತಮ್ಮ ಬೆರಳನ್ನು ನೋಡಿದರು. ಮತ್ತೆ ಚಿತ್ರವನ್ನು ನೋಡಿದರು.

"ನಾನೇ" ಎಂದರು.

"ನೀವು ಕರೆದಿದ್ದಲ್ಲ ಅತ್ತೆ. ಮೋಸ ಮಾಡಿ ಕರೆಸ್ಕೊಂಡಿದಾರೆ. ನೀವು ರೋಬೋಟ್ ಅಲ್ಲ ಅಂದ್ರಿ, ಅವರು ಅದನ್ನ ಬನ್ನಿ ಒಳಗೆ ಅಂದಂಗೆ ಬರ್ಕೊಂಡ್ರು. ಹೆಣಿಗೆ ಸೈಟಿನ ವೇಷದಲ್ಲಿ ಬಂದಿದ್ದಕ್ಕೆ ನಮ್ಮ ಬೀಗಕ್ಕೂ ಗೊತ್ತಾಗಲಿಲ್ಲ."

"ನಯವಾಗಿ ಹೇಳಬೇಡ. ಎಷ್ಟು ಕಡೆ ಹೀಗೆ ಒತ್ತಿದೀನೋ ಯಾರಿಗೆ ಗೊತ್ತು. ಟೋಪಿ ಚೆನ್ನಾಗಿ ಕಂಡ ಕಡೆಯೆಲ್ಲ ಒತ್ತಿದೀನಿ." ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಮೊದಲು ಇದನ್ನ ತೊಳಿ. ಹೇಗೆ ತೊಳೀಬೇಕು ಅಂತ ನಂಗೂ ತೋರಿಸು" ಎಂದರು.

ಇಬ್ಬರೂ ಕೂತು ತೊಳೆದರು. ಬ್ರೌಸರಿನ ಸೆಟ್ಟಿಂಗ್ಸಿಗೆ ಹೋಗಿ, ನೋಟಿಫಿಕೇಶನ್ನಿಗೆ ಒಪ್ಪಿಗೆ ಪಡೆದಿದ್ದ ಸೈಟುಗಳನ್ನೆಲ್ಲ ಸೊಸೆ ಒಂದೊಂದಾಗಿ ತೋರಿಸಿದಳು, ಸಿಸ್ಟರಮ್ಮ ಒಂದೊಂದನ್ನೂ ತಾವೇ ಅಳಿಸಿದರು. ಇನ್ನು ಮುಂದೆ ಯಾವ ಸೈಟೂ ಒಪ್ಪಿಗೆ ಕೇಳುವಂತೆಯೇ ಇಲ್ಲ ಎಂದು ಅಲ್ಲೇ ಗುಂಡಿ ತಿರುಗಿಸಿದರು. ಆಮೇಲೆ ಸೊಸೆ ಕಂಪ್ಯೂಟರಿನೊಳಗಿನ ಒಂದು ಸಣ್ಣ ಕಡತ ತೆರೆದು ಆ ಮೋಸದ ಸೈಟುಗಳ ಹೆಸರನ್ನು ಬರೆದಳು.

"ಇದೇನು?"

"ವಿಳಾಸ ತಪ್ಪಿಸೋದು. ಈ ಹೆಸರಿನ ಸೈಟು ಎಲ್ಲಿದೆ ಅಂತ ಕಂಪ್ಯೂಟರ್ ಮೊದಲು ಇಲ್ಲಿ ನೋಡುತ್ತೆ. ಅದು ನಿನ್ನಲ್ಲೇ ಇದೆ ಅಂತ ಬರೆದುಬಿಟ್ರೆ ತನ್ನೊಳಗೇ ಹುಡುಕುತ್ತೆ. ಯಾರೂ ಸಿಗಲ್ಲ, ಸುಮ್ನಾಗುತ್ತೆ."

"ಪಾಪದ್ದು" ಎಂದರು ಸಿಸ್ಟರಮ್ಮ. ಬರೆದು ಮುಗಿದ ಮೇಲೆ ಆ ಸೈಟುಗಳನ್ನು ತೆರೆಯಲು ನೋಡಿ, ಖಾಲಿ ಪುಟ ಬಂದಾಗ ತಲೆಯಾಡಿಸಿದರು. ತೃಪ್ತಿಯಾಗುವವರೆಗೆ ಅದನ್ನೇ ಹಲವು ಸಲ ಮಾಡಿಸಿದರು. ಆಮೇಲೆ ಒಳಗೆ ಹೋದರು. ಹೊರಗೆ ಬಂದಾಗ ಹೊರಡುವ ಸೀರೆ ಉಟ್ಟಿದ್ದರು.

"ಪುಟ್ಟು ಇವತ್ತು ಎಲ್ಲಿ ಕೆಲಸ ಮಾಡ್ತಿದಾನೆ?"

"ಫೋನ್ ಮಾಡ್ತೀನಿ ಅತ್ತೆ, ಸಂಜೆ ಬಂದುಬಿಡಲಿ."

"ಎದುರಿಗೆ ನಿಲ್ಲಿಸಿ ಅಂದಿದ್ದನ್ನ ಫೋನಲ್ಲಿ ವಾಪಸ್ ತಗೊಳ್ಳೋಕಾಗಲ್ಲ."

ಅವನು ಕೆಲಸ ಮಾಡುತ್ತಿದ್ದದ್ದು ಪೇಟೆಯ ಒಂದು ಎತ್ತರದ ಕಟ್ಟಡದಲ್ಲಿ. ಕೆಳಗೆ ಲಿಫ್ಟಿನ ಬಾಗಿಲಿಗೆ ‘ದುರಸ್ತಿ ನಡೆಯುತ್ತಿದೆ’ ಎಂಬ ಹಲಗೆ ನೇತುಹಾಕಿದ್ದರು. ಮೆಕ್ಯಾನಿಕ್ಕುಗಳು ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿದ್ದಾರೆ ಎಂದ ಕಾವಲುಗಾರ. ಸಿಸ್ಟರಮ್ಮನ ಮಂಡಿ ಮನೆಯ ಮೆಟ್ಟಿಲಿಗೇ ತಕರಾರು ಮಾಡುವಂಥದ್ದು. ಸೊಸೆ, ನಾನು ಹೋಗಿ ಕರ್ಕೊಂಡು ಬರ್ತೀನಿ ಎಂದರೂ ಕೇಳದೆ ಮೆಟ್ಟಿಲ ಕಂಬಿ ಹಿಡಿದು ಹತ್ತತೊಡಗಿದರು. ಪ್ರತಿ ತಿರುವಿನಲ್ಲೂ ನಿಂತು ಉಸಿರು ಬಿಟ್ಟು, "ಹೂಂ, ನಡಿ" ಎನ್ನುತ್ತಿದ್ದರು.

ಮೇಲೆ ಪುಟ್ಟು ಮತ್ತು ಅವನ ಜೊತೆಗಾರ ತೆರೆದ ಬಾಗಿಲಿನ ಮುಂದೆ ಕೂತು ರೋಲರುಗಳಿಗೆ ಎಣ್ಣೆ ಬಿಡುತ್ತಿದ್ದರು. ಅಮ್ಮನನ್ನು ಕಂಡು ಪುಟ್ಟು ಗಾಬರಿಯಿಂದ ಎದ್ದ.

"ಏನಾಯ್ತು? ಅಣ್ಣನಿಗೇನಾದ್ರೂ..."

"ಅಣ್ಣ ಚೆನ್ನಾಗಿದಾನೆ." ಸಿಸ್ಟರಮ್ಮ ಗೋಡೆಗೆ ಕೈಯೂರಿ ನಿಂತರು. ಜೊತೆಗಾರ ಎದ್ದು ಆಚೆ ಹೋಗಲು ನೋಡಿದಾಗ, "ನೀನೂ ಇರಪ್ಪ. ಇವನು ನಿನ್ನ ರೂಮಿಗೆ ಯಾಕೆ ಬಂದ ಅಂತ ನಿಂಗೂ ಗೊತ್ತಿರುತ್ತೆ" ಎಂದು ತಡೆದರು. ಆಮೇಲೆ ಮಗನಿಗೆ ಹೇಳಿದರು. "ಆ ಚಿತ್ರ ಬಂದಿದ್ದು ನನ್ನಿಂದ. ಒತ್ತಿದ್ದು ನಾನು, ಬೈದಿದ್ದು ನಿನ್ನನ್ನ. ತಪ್ಪು ನಂದು."

ಪುಟ್ಟು ಚಿಂದಿಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈಯಲ್ಲಿ ಒರೆಸುವಂಥದ್ದು ಏನೂ ಉಳಿದಿರಲಿಲ್ಲ.

"ಒಂದ್ಸಲ ಕೇಳಬಹುದಿತ್ತು ಅಮ್ಮ. ನೀನಾ ಅಂತ."

"ಕೇಳಬಹುದಿತ್ತು. ಕೇಳಲಿಲ್ಲ."

"ನೀವೂ ಕೇಳಲಿಲ್ಲ ಅತ್ತಿಗೆ."

"ಹೌದು" ಎಂದಳು ಅವಳು. "ಅನುಮಾನ ಪಟ್ಟೆ. ಬಾಯಿಬಿಟ್ಟು ಅನ್ನದೇ ಇದ್ದಿದ್ದು ದೊಡ್ಡಸ್ತಿಕೆ ಏನಲ್ಲ."

ಲಿಫ್ಟಿನ ಬಾವಿಯಿಂದ ತಣ್ಣನೆಯ ಗಾಳಿ ಮೇಲೆ ಬರುತ್ತಿತ್ತು. ಪುಟ್ಟು ಅಮ್ಮನ ಕಾಲ ಕಡೆ ನೋಡಿದ, ಮಂಡಿಯ ಮೇಲೆ ಅವರು ಇಟ್ಟುಕೊಂಡಿದ್ದ ಕೈ ನೋಡಿದ. ಉಪಕರಣದ ಪೆಟ್ಟಿಗೆಯ ಮುಚ್ಚಳ ಹಾಕಿ ಅವರ ಮುಂದೆ ತಳ್ಳಿದ.

"ಕೂತ್ಕೋ. ಇಳಿಯೋದಕ್ಕೆ ಮೆಟ್ಟಿಲು ಬೇಡ. ಇನ್ನೊಂಚೂರು ಕೆಲಸ ಇದೆ, ಲಿಫ್ಟಲ್ಲೇ ಇಳಿಸ್ತೀನಿ."

ಸಿಸ್ಟರಮ್ಮ ಪೆಟ್ಟಿಗೆಯ ಮೇಲೆ ಕೂತರು. ಕೂತಮೇಲೆ ಸುಮ್ಮನಿರುವ ಪೈಕಿಯಲ್ಲ, ಎಣ್ಣೆ ಜಾಸ್ತಿಯಾಯಿತೆಂದು ಜೊತೆಗಾರನಿಗೆ ಹೇಳಿದರು. ಅವನು ನಿಜವಾಗಿಯೂ ಒಂಚೂರು ಒರೆಸಿ ತೆಗೆದ. ಪುಟ್ಟು ಅತ್ತಿಗೆಯ ಕಡೆ ನೋಡಿ ನಕ್ಕ.

ಸಂಜೆ ಅವನು ಬ್ಯಾಗು ಎತ್ತಿಕೊಂಡು ಮನೆಗೆ ಬಂದ. ಕಂಪ್ಯೂಟರಿನ ಪಾಸ್‌ವರ್ಡ್ ಇನ್ನು ಅವನ ಹತ್ತಿರವೇ ಇರಲಿ ಎಂದು ಸಿಸ್ಟರಮ್ಮ ಅಂದಾಗ ಒಪ್ಪಲಿಲ್ಲ. ಮೂವರಿಗೂ ಗೊತ್ತಿರಲಿ, ಅಣ್ಣ ಬಂದ ಮೇಲೆ ಅವನಿಗೂ ಹೇಳೋಣ, ಮುಚ್ಚುಮರೆ ಸಾಕು ಎಂದ. ಮೇಷ್ಟ್ರ ಪುಸ್ತಕ ಒಂದು ಅಲ್ಪವಿರಾಮವೂ ತಪ್ಪದೆ ಅಚ್ಚಿಗೆ ಹೋಯಿತು. ಮೂಲೆಯಲ್ಲಿ ಆಮೇಲೆ ಯಾರೂ ಕಣ್ಣು ಮಿಟುಕಿಸಲಿಲ್ಲ.

ಕೆಲವು ವಾರಗಳ ನಂತರ ಸಿಸ್ಟರಮ್ಮನ ಹಳೇ ಸಹೋದ್ಯೋಗಿಯೊಬ್ಬರು ಫೋನು ಮಾಡಿದರು. ಹೆರಿಗೆ ವಾರ್ಡಿನಲ್ಲಿದ್ದವರು. ಅವರ ಮನೆಯ ಕಂಪ್ಯೂಟರಿನಲ್ಲೂ ಅಂಥವೇ ಚಿತ್ರಗಳು, ಮೊಮ್ಮಗನನ್ನು ಹಿಡಿದು ವಿಚಾರಿಸಬೇಕೆಂದಿದ್ದೇನೆ ಎಂದು ಅಲವತ್ತುಕೊಂಡರು. ಸಿಸ್ಟರಮ್ಮ ಮಾತು ಪೂರ್ತಿ ಮುಗಿಸಲು ಬಿಡಲಿಲ್ಲ.

"ಹುಡುಗನ್ನ ಏನೂ ಅನ್ನಬೇಡ. ಕಂಪ್ಯೂಟರ್ ಹಂಗೇ ಇಡು, ಏನೂ ಮುಟ್ಟಬೇಡ. ನಾನು ಬರ್ತೀನಿ."

ಫೋನಿಟ್ಟು ಕನ್ನಡಕದ ಡಬ್ಬಿ ಹುಡುಕತೊಡಗಿದರು. ಸೊಸೆ ನಾನೂ ಬರಲಾ ಎಂದು ಕೇಳಿದಳು.

"ಬೇಡ, ನಿನ್ನ ಕೆಲಸ ನೋಡ್ಕೋ" ಎಂದರು ಸಿಸ್ಟರಮ್ಮ. "ಮೊದಲು ಅವಳನ್ನೇ ಕಂಪ್ಯೂಟರ್ ಮುಂದೆ ಕೂರಿಸಿ ನೋಡ್ತೀನಿ."